ತಿರುಪು

ನಲವತ್ತು ವರ್ಷ ಮೊಳೆ ಕಚ್ಚಿಕೊಂಡು ಕೆಲಸ ಮಾಡಿದ ಬಾಯಿ.
ಮುಂದಿನೆರಡು ಹಲ್ಲು ಸವೆದದ್ದು ಅದಕ್ಕೇ,
ಅರಸೀಕೆರೆ ಕೊಬ್ಬರಿಗಲ್ಲ.

ಹಾಸನ, ಬಿ.ಎಂ. ರಸ್ತೆ, ಮಹಡಿ ಮೇಲೆ
ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ
ದವಡೆಗೆ ಬೈರಿಗೆ ಹಿಡಿದಳು.
ನಿಧಾನ ತಾಯಿ, ಹಳೇ ಮರ,
ಒತ್ತಿದರೆ ಸೀಳೀತು,
ಹೇಳೋಣವೆಂದರೆ ತುಟಿಯೇ ಮರಗಟ್ಟಿತ್ತು.

"ಆಚಾರ್ರೇ, ತಿರುಪು ಕೂತಿದೆ.
ಮೂಳೆ ಹಿಡಿದುಕೊಳ್ಳಲಿ ಮೂರ್ನಾಲ್ಕು ತಿಂಗಳು,
ಹಲ್ಲು ಆಮೇಲೆ."
ನಾನೂ ಹೀಗೇ ಹೇಳುತ್ತಿದ್ದೆ:
ಚೌಕಟ್ಟು ಗೋಡೆಗೆ ಒಗ್ಗಲಿ, ಬಾಗಿಲು ಆಮೇಲೆ.
ಕೇಳುತ್ತಿದ್ದವರು ಯಾರು?
ಎಲ್ಲರಿಗೂ ಗೃಹಪ್ರವೇಶದ ಆತುರ.

ಒಂದು ಹಲ್ಲಿಗೆ ತೇಗದ ಬಾಗಿಲಿನ ದುಡ್ಡು.
ಚೌಕಾಸಿ ಮಾಡಲಿಲ್ಲ.
ಕೈಕೆಲಸ ನೋಡಿದ್ದೆನಲ್ಲ.

ರಾತ್ರಿ ಎಚ್ಚರಾಯಿತು.
ನಾಲಿಗೆಗೆ ತಣ್ಣಗೆ ಸಿಕ್ಕಿತು
ಮೊಳೆಯ ತಲೆಯಂಥದ್ದು.
ಕತ್ತಲಲ್ಲಿ ಬಲಗೈ
ಸುತ್ತಿಗೆಗೆ ತಡಕಾಡಿತು.