ರಫ್ತು

ಎಡಗೈಲಿ ಕೊಡೆ, ಬಲಗೈಲಿ ಬಿಲ್ಲು ಹೊಡೆವ ಯಂತ್ರ,
ಕಂಕುಳಲ್ಲಿ ನಾಯಿಗೆಂದು ಒಂದು ಕೋಲು.
ಹನ್ನೊಂದು ವರ್ಷದಿಂದ ಬೇಲೆಕೇರಿಯ ಗೋಡೆಗಳನ್ನು
ಓದುತ್ತಿದ್ದೇನೆ.
ಅಂಕಿ ಯಾವಾಗಲೂ ಮುಂದಕ್ಕೇ, ವಯಸ್ಸಿನ ಹಾಗೆ.

ಮಾರ್ಚಿಯಲ್ಲಿ ತುಳಸು ಹರಿಕಂತ್ರರ ಮನೆ ಮುಂದೆ
ಯಂತ್ರ ಎರಡು ಸಲ ಕೀಚೆಂದು
ಒಂದು ಅಡ್ಡಗೆರೆ ಉಗುಳಿತು.
ಅಡ್ಡಗೆರೆಯ ಮುಂದೆ ನೂರಾ ಹನ್ನೆರಡು.
ಕಾಗದ ಸಿಕ್ಕಿಕೊಂಡಿತೇನೋ ಅಂತ ಮತ್ತೆ ಹೊಡೆದೆ.
ಮತ್ತೆ ಅದೇ.
"ಎಂತದೋ ತಮಾ ಅದು?"
"ನೀವು ಕೊಡೂದಲ್ಲ ಅಕ್ಕ, ಕಂಪನಿಯೇ ನಿಮಗೆ ಕೊಡ್ಬೇಕು.
ಬಳಸಿದ್ದಕ್ಕಿಂತ ಜಾಸ್ತಿ ರಫ್ತು ಮಾಡಿದ್ದೀರಿ."

ರಫ್ತು ಅಂದದ್ದೇ ತಪ್ಪಾಯಿತು.
ಈ ಊರಿಗೆ ಆ ಶಬ್ದ ಅಂದರೆ ಲಾರಿ,
ಲಾರಿಯ ಹಿಂದೆ ಲಾರಿ,
ಒಣಹಾಕಿದ ತಾರ್ಲೆಯ ಮೇಲೆ ಅದಿರಿನ ಧೂಳು,
ತೊಳೆದಷ್ಟೂ ಕೆಂಪು ನೀರು.
"ಹಡಗು ಎಲ್ಲಿ ನಿಂತಿದೆ ಹಾಗಾದರೆ?" ಅಂದಳು,
ನಗದೆ.

ಸ್ಲ್ಯಾಬಿನ ಮೇಲೆ ಆರು ಪ್ಯಾನೆಲ್ಲು.
ಒಣಮೀನು ಸಂಘದ ಸಾಲ, ಸರಕಾರದ್ದೊಂದು ಪಾಲು.
ಫ್ರೀಜರಿಗೆಂದು ಹಾಕಿಸಿದ್ದು.
ಉಪ್ಪುಗಾಳಿಗೆ ದಿನಾ ಮಂಕಾಗುತ್ತವೆ,
ಗಂಡನ ಹಳೆ ಲುಂಗಿಯಿಂದ ಒರೆಸುತ್ತಾಳೆ,
ಕಾಗೆಗೆ ಬೈಯುತ್ತಾಳೆ, ಹದ್ದಿಗೆ ಬೈಯುತ್ತಾಳೆ.
ಮೊದಲು ಅದೇ ಜಾಗದಲ್ಲಿ ಬಂಗಡೆ ಒಣಗುತ್ತಿತ್ತು.
ಈಗ ಬಿಸಿಲೆಲ್ಲ ಗಾಜಿಗೆ, ಮೀನಿಗೆ ನೆರಳು;
ಬುಟ್ಟಿ ಹೊತ್ತು ಮತ್ತೆ ಮಳಲಿಗೇ ನಡೆದಳು.
"ಒಬ್ಬನೇ ಸೂರ್ಯ, ಇಬ್ಬರು ಸವತಿಯರು."

ಏಪ್ರಿಲ್ ಹದಿನಾರು, ಮಟಮಟ ಮಧ್ಯಾಹ್ನ ಫೋನು.
"ಓಡಿ ಬಾ. ಕರೆಂಟು ಹೋಗಿ ಮೂರು ತಾಸಾಯ್ತು.
ಎರಡು ಬಾಕ್ಸ್ ಶೆಟ್ಲಿ ಕರಗಿ ವಾಸನೆ ಹೊಡೀತದೆ.
ನೆತ್ತಿಯ ಮೇಲೆ ಸೂರ್ಯ ಕುದೀತಿದ್ದಾನೆ,
ನನ್ನದೇ ಪ್ಯಾನೆಲ್ಲು, ನನ್ನದೇ ಸಾಲ,
ನನ್ನ ಮನೆಗೇ ಇಲ್ಲ ಅಂದರೆ ಎಂತ ನ್ಯಾಯ ಇದು?"

ಹೋದೆ. ಹೇಳಿದೆ.
ಊರಿನ ತಂತಿ ಸತ್ತಾಗ ಇದೂ ಸಾಯಬೇಕು ಅಕ್ಕ,
ಹಾಗೇ ಕಟ್ಟಿದ್ದಾರೆ.
ಇಲ್ಲದಿದ್ದರೆ ನಿಮ್ಮ ಬಿಸಿಲು ಹಿಂದಿನಿಂದ ತಂತಿಗೆ ಹರಿದು
ಕಂಬದ ಮೇಲಿದ್ದವನನ್ನು ಹಿಡಿಯುತ್ತದೆ.

ಸ್ವಲ್ಪ ಹೊತ್ತು ಶೆಟ್ಲಿಯ ನೀರು ತೊಟ್ಟಿಕ್ಕುವುದು ಕೇಳಿತು.
"ಕಂಬದ ಮೇಲೆ ಯಾರಿದ್ದಾರೆ ಇವತ್ತು?"
ಈರಬಸಪ್ಪ. ರೋಣದ ಕಡೆಯವ.
ಮೀನುಕೇರಿಗೆ ಬಂದರೆ ಮೂಗಿಗೆ ಕರವಸ್ತ್ರ ಕಟ್ಟಿಯೇ
ಏಣಿ ಹತ್ತುತ್ತಾನಲ್ಲ, ಅವನೇ.
"ಆ ಉದ್ದ ಮನುಷ್ಯನಾ," ಅಂದಳು.
"ಹಾಗಾದರೆ ಅವ ಇಳಿಯಲಿ ಮೊದಲು.
ಶೆಟ್ಲಿ ಹೋದರೆ ಹೋಯಿತು."

ನಾನು ಅವಳಿಗೆ ಹೇಳದ್ದು ಒಂದಿದೆ.
ನನ್ನ ಹೊಕ್ಕುಳಬಳ್ಳಿ ಹೂತ ಜಾಗ
ಕಾಳಿಯ ಒಂದು ಅಣೆಕಟ್ಟಿನ ಹಿಂದೆ, ಎಷ್ಟೋ ಆಳದಲ್ಲಿ.
ಆ ನೀರು ಬಿದ್ದು, ಚಕ್ರ ತಿರುಗಿ, ಹುಟ್ಟಿದ ಕರೆಂಟು
ನಮ್ಮ ಪುನರ್ವಸತಿ ಕಾಲೊನಿಯ ಮೇಲಿಂದಲೇ
ಗುಂಯ್‌ಗುಟ್ಟಿ ದಾಟಿ ಹೋಗುತ್ತಿತ್ತು.
ಕೆಳಗೆ ಚಿಮಣಿ ಬುಡ್ಡಿಯಲ್ಲಿ ನಾನು ಮಗ್ಗಿ ಕಲಿತೆ.
ಅದೂ ರಫ್ತೇ.
ಅದಕ್ಕೆ ಯಾವ ಯಂತ್ರವೂ ಅಡ್ಡಗೆರೆ ಹೊಡೆಯಲಿಲ್ಲ.

ಜುಲೈ. ಬೋಟುಗಳೆಲ್ಲ ದಡದಲ್ಲಿ, ತಾಡಪಾಲಿನಡಿ.
ಪ್ಯಾನೆಲ್ಲಿನ ಮೇಲೆ ಮಳೆ, ಬರೀ ಮಳೆ.
ಆಮದು ಏರಿತು. ಅಡ್ಡಗೆರೆ ಅಳಿಸಿಹೋಯಿತು.
ನಾನೇ ಸಾಲ ಮಾಡಿದವನಂತೆ ಬಿಲ್ಲು ಚಾಚಿದೆ.
ಅವಳು ನೋಡಲೂ ಇಲ್ಲ.
"ಬೇಸಿಗೇಲಿ ಕೊಟ್ಟೆ, ಮಳೆಗಾಲದಲ್ಲಿ ತಗೊಂಡೆ.
ಇದನ್ನು ನಮಗೆ ಇಂಜಿನಿಯರು ಬಂದು ಕಲಿಸಬೇಕಾ?"
ಮೂಲೆಯ ಗೋಣಿ ಬಿಚ್ಚಿದಳು.
ಪೇಪರಿನಲ್ಲಿ ಸುತ್ತಿ ನಾಲ್ಕು ಒಣ ಬಂಗಡೆ.
"ಏಪ್ರಿಲ್ ತಿಂಗಳ ಬಿಸಿಲು. ತಗೋ. ಒದ್ದೆ ಮಾಡಬೇಡ."

ಆ ರಾತ್ರಿ ಎಲ್ಲೋ ಗಾಳಿಮರ ಮುರಿದು
ಅಂಕೋಲೆಯ ತನಕ ಕತ್ತಲು.
ಮೀನು ಕೆಂಡಕ್ಕೆ ಹಿಡಿದೆ.
ಕೊಬ್ಬು ತೊಟ್ಟಿಕ್ಕಿ ಭಗ್ಗನೆ ಹೊತ್ತಿತು,
ಗೋಡೆ ಒಂದು ಕ್ಷಣ ಕಂಡಿತು:
ಬಿರುಕು, ಕ್ಯಾಲೆಂಡರು, ಹಲ್ಲಿ.
ಫೋನು. ಮಳೆಯೊಳಗಿಂದ ಈರಬಸಪ್ಪ ಕೂಗುತ್ತಿದ್ದ:
"ನಿಮ್ಮ ಕಡೆ ಬಂತೇನ್ರೀ?"
"ಇನ್ನೂ ಇಲ್ಲ," ಅಂದೆ, ಮುಳ್ಳು ಬಿಡಿಸುತ್ತ,
"ನೀ ಹುಷಾರು."