ಒಂದಕ್ಕೆ ನೂರು

ಹಗಲಿಡೀ ನಾನು ಬೇರೆಯವರ ಬಾಯಿಗೆ ಹಲ್ಲು ಮಾಡುತ್ತೇನೆ.
ಕುಂಬಳೆ ಪೇಟೆ, ರೈಲುಹಳಿಗೆ ಬೆನ್ನು ಹಾಕಿದ ಕಟ್ಟಡ,
ಕೆಳಗೆ ಡಾಕ್ಟರಮ್ಮನ ಕ್ಲಿನಿಕ್ಕು, ಮೇಲೆ ನಾನು:
ಮೇಣ, ಪ್ಲಾಸ್ಟರು, ಒಸಡಿನ ಗುಲಾಬಿಗೆ ಮೂರೇ ಡಬ್ಬ,
ಊರಿನ ಒಸಡೆಲ್ಲ ಅದರೊಳಗೇ ಹೊಂದಬೇಕು.

ಎಂಟು ಗಂಟೆ ಕಳೆದರೆ
ಅದೇ ಮೇಜು, ಅದೇ ಕೊರೆಯುವ ಸೂಜಿ.
ಆಗ ಹಡಗು.

ಮೈಗೆ ಮೊಯ್ದುಕುಂಞಿಯ ಅಂಗಡಿಯ ತುಂಡು ಪೈಪು,
ಬೆಂಕಿ ಉಗುಳುವ ನಾಲ್ಕು ಬಾಯಿಗೆ
ಅವನದೇ ಅತ್ತರು ಬಾಟಲಿಯ ಮುಚ್ಚಳ
(ಒಂದರಲ್ಲಿ ಇನ್ನೂ ಮಲ್ಲಿಗೆ ಉಂಟು;
ಯಾವ ಇಂಧನ ಅಂತ ಕೇಳಿದರೆ ಹೇಳಲಿಕ್ಕಾಯಿತು).
ಕಿಟಕಿಗೆ ಅತ್ತೆಯ ಬಿಪಿ ಮಾತ್ರೆಯ ಖಾಲಿ ಪಟ್ಟಿ.
ಅವರು ದಿನಕ್ಕೊಂದು ನುಂಗಿದಂತೆ
ನನಗೆ ದಿನಕ್ಕೊಂದು ಗಾಜಿನ ಗುಳ್ಳೆ.
"ಇನ್ನು ಎಂಟು ದಿನ ತಡಿ, ಬಲಬದಿ ಮುಗೀತದೆ,"
ರಾತ್ರಿ ನೀರಿನ ಲೋಟ ಹಿಡಿದು ಅವರೇ ಲೆಕ್ಕ ಹೇಳುತ್ತಿದ್ದರು.
ಆಮೇಲೆ ಮಾತ್ರೆ ಬದಲಾಯಿತು, ಪಟ್ಟಿ ಪೂರ್ತಿ ಬೆಳ್ಳಿಯ ಹಾಳೆ.
ಹದಿನೇಳನೆಯ ಕಿಟಕಿ ಹಾಗಾಗಿ ಕುರುಡು.

ನೆಲ ಬೇಕಿತ್ತು.
ಐತಪ್ಪಣ್ಣನ ಮುರಕಲ್ಲ ಕೋರೆಗೆ ಹೋದೆ,
ಕಲ್ಲು ತೆಗೆದು ಮುಗಿದದ್ದು,
ಗರಗಸದ ಗೀರು ಹೊತ್ತ ಕೆಂಪು ಗೋಡೆ,
ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೊಂಡ.
ಬೇರೆ ಗ್ರಹ ಅಂದುಕೊಳ್ಳಲು ಕಷ್ಟವಿಲ್ಲ,
ಸೆಕೆ ಮಾತ್ರ ಕುಂಬಳೆಯದ್ದು.
"ಕಲ್ಲು ಕೇಳುವವರು ಎಷ್ಟೋ ಜನ.
ಹೊಡಿ ಕೇಳಿದವಳು ನೀನೇ ಮೊದಲು," ಅಂದ.
ಉಪ್ಪಿನಕಾಯಿ ಭರಣಿಯಲ್ಲಿ ತಂದು
ಚಹಾ ಸೋಸಣಿಗೆಯಲ್ಲಿ ಮೂರು ಸಲ ಗಾಳಿಸಿದೆ.
ಒಂದಕ್ಕೆ ನೂರರ ಲೆಕ್ಕದಲ್ಲಿ
ಒಂದು ಹರಳು ಉಳಿದರೂ ಅದು ಬಂಡೆ.
ಬಂಡೆಗಳನ್ನು ನಾನೇ ಆರಿಸಿ ಇಟ್ಟೆ:
ಯಾರ್ಯಾರದೋ ದವಡೆಹಲ್ಲಿನ ಅಚ್ಚುಗಳು,
ವಾಪಸು ಕೇಳಲು ಯಾರೂ ಬರದವು.

ಮುಚ್ಚಿಹೋದ ಬೇಕರಿಯ ಗಾಜಿನ ಕಪಾಟು ಸಿಕ್ಕಿತು.
ಎಷ್ಟು ಒರೆಸಿದರೂ ಮೂಲೆಗೆ ಇರುವೆ ಬರುತ್ತದೆ.
ಒಮ್ಮೆ ಒಂದು ಕಟ್ಟಿರುವೆ ಹಡಗಿನ ಕಾಲು ಸುತ್ತಿತು,
ಅಳೆದೆ. ಆ ನೆಲದಲ್ಲಿ ಅದು ನಾಯಿಯಷ್ಟು.
ಓಡಿಸಲು ಮನಸ್ಸು ಬರಲಿಲ್ಲ.

ಹೆಸರು ಬರೆಯುವಾಗ ಕೈ ನಿಂತಿತು.
ಎರಡು ಮಿಲಿಮೀಟರಿನ ಅಕ್ಷರ, ಒಂದೇ ಕೂದಲಿನ ಕುಂಚ,
ಆದರೂ ಕೇಳದೆ ಬಿಡುವವರಲ್ಲ ನಮ್ಮವರು:
ಯಾವ ಲಿಪಿ? ಯಾವುದು ಮೇಲೆ, ಯಾವುದು ಕೆಳಗೆ?
ನನ್ನ ಅಮ್ಮ ಯಾವ ಬೋರ್ಡನ್ನೂ ಓದಿದವಳಲ್ಲ.
ಹಳದಿ ಎರಡು ಪಟ್ಟೆ, ನೀಲಿ ಒಂದು ಬಂದರೆ
ಕೈ ಅಡ್ಡ ಹಿಡಿಯುತ್ತಿದ್ದಳು,
ಅದು ನಮ್ಮೂರಿನ ಬಸ್ಸೇ ಆಗಿರುತ್ತಿತ್ತು.
ಕುಂಚ ತೊಳೆದೆ.
ಹಳದಿ ಎರಡು, ನೀಲಿ ಒಂದು.

ಕೊನೆಗೆ ಇಳಿದವಳು.
ಹದಿನೇಳು ಮಿಲಿಮೀಟರು ಎತ್ತರ,
ಯಾರದೋ ಸೆಟ್ಟಿನಲ್ಲಿ ಮಿಕ್ಕ ಅಕ್ರಿಲಿಕ್ಕು,
ಅದಕ್ಕೇ ಅಡಿಯಿಂದ ಮುಡಿಯವರೆಗೆ ಒಸಡಿನ ಬಣ್ಣ.
ಬಿಳಿ ಬಳಿಯೋಣವೆಂದಿದ್ದೆ. ಬಳಿಯಲಿಲ್ಲ.

ಈಗ ಎಲ್ಲ ಕೆಳಗೆ, ಕಾಯುವವರ ಬೆಂಚಿನ ಎದುರು.
ಮೊನ್ನೆ ಮೇಲಿನ ಸಾಲಿಗೆ ಅಳತೆ ಕೊಡಲು ಬಂದ ಬೀಪಾತುಮ್ಮ
ಗಾಜಿಗೆ ಮೂಗು ತಾಗಿಸಿ ತುಂಬ ಹೊತ್ತು ನೋಡಿದರು.
"ಇದು ಎಷ್ಟು ಗಂಟೆಗೆ ಬಿಡುವುದು?"
ಕೇಳಿ ತಾವೇ ನಕ್ಕರು, ಹಲ್ಲಿಲ್ಲದೆ, ಧಾರಾಳ.
ಗಾಜಿನೊಳಗಿಂದ ಅವಳಿಗೆ ಕಾಣುವ ಆಕಾಶ ಇದೇ ಇರಬೇಕು,
ದಿನವೂ ಬಾಯಿ ತೆರೆದ ದೊಡ್ಡ ದೊಡ್ಡ ಮುಖ,
ಒಂದು ಕೆನ್ನೆ ಊದಿದ್ದು,
ಒಂದು ಕರವಸ್ತ್ರ ಒತ್ತಿಕೊಂಡದ್ದು.

ರಾತ್ರಿ ಗೂಡ್ಸು ಹೋಗುವಾಗ ಕಟ್ಟಡ ನಡುಗಿ
ಗ್ರಹದ ಹೊಡಿ ಒಂಚೂರು ಸರಿಯುತ್ತದೆ.
ಬೆಳಿಗ್ಗೆ ಬಾಗಿಲು ತೆರೆದರೆ ಅವಳು
ಹಡಗಿನಿಂದ ಅಕ್ಕಿಕಾಳಿನಷ್ಟು ದೂರ,
ಅಲ್ಲಿಯ ಲೆಕ್ಕದಲ್ಲಿ ಒಂದು ಹೆಜ್ಜೆ.
ಚಿಮಟ ಕೈಯಲ್ಲೇ ಇರುತ್ತದೆ.
ನಾನು ತಿರುಗಿ ಇಡುವುದಿಲ್ಲ.