ಖಾಲಿ ಇದ್ದರೆ ಅಡ್ಡಿಯಿಲ್ಲ

ಕುತೈಸಿಯ ವಿಮಾನ ನಿಲ್ದಾಣದಲ್ಲಿ ನನ್ನ ಕೆಲಸ
ಪರದೆ ನೋಡುವುದು.
ಕಬ್ಬಿಣ ನೀಲಿ, ರೊಟ್ಟಿ ಕಿತ್ತಳೆ,
ನೀರೂ ಕಿತ್ತಳೆಯೇ. ನೀರಿಗೆ ಬಣ್ಣವಿಲ್ಲ ಅನ್ನುವವರು
ನನ್ನ ಕುರ್ಚಿಯಲ್ಲಿ ಒಂದು ಪಾಳಿ ಕೂತು ನೋಡಲಿ.
ಖಾಲಿ ಬಾಟಲಿ ಮಾತ್ರ ಬರೀ ಒಂದು ಗೆರೆ,
ಯಾರೋ ಬರೆಯಲು ಹೊರಟು
ಬೇಡವೆಂದು ಕೈಬಿಟ್ಟ ಹಾಗೆ.

ನಸುಕಿನ ನಾಲ್ಕೂವರೆಗೆ
ಇಟಲಿಯ ಬಾರಿ ಊರಿಗೆ ಹೋಗುವ ವಿಮಾನ.
ಸಾಲಿನಲ್ಲಿ ಹೆಚ್ಚಿನವರು ಹೆಂಗಸರು,
ಪರರ ಅಪ್ಪಂದಿರ ಮೈ ಒರೆಸಿ
ತಮ್ಮ ಮಕ್ಕಳ ಫೀಸು ಕಟ್ಟುವವರು.
ಚೀಲದಲ್ಲಿ ಚೀಸು, ಒಣಸೊಪ್ಪು,
ದ್ರಾಕ್ಷಿರಸದಲ್ಲಿ ಅದ್ದಿದ ಅಕ್ರೋಟಿನ ಸರ,
ಪ್ಲಮ್ ಗೊಜ್ಜಿನ ಶೀಶೆ.
ಗೊಜ್ಜು ಕಂಡರೆ ತೆಗೆಸಬೇಕು.
ಎಷ್ಟು ಅತ್ತೆಯರ ಗೊಜ್ಜನ್ನು ತೊಟ್ಟಿಗೆ ಎಸೆದಿದ್ದೇನೋ,
ಆ ತೊಟ್ಟಿ ನನಗಿಂತ ಚೆನ್ನಾಗಿ ಉಂಡಿದೆ.

ತ್ಸಿಯಾಲಾಳ ಚೀಲದಲ್ಲಿ ಆರು ಗೆರೆ.
ತೆಗೆಸಿದೆ. ಹಸಿರು ಪ್ಲಾಸ್ಟಿಕ್, ಮೇಲೆ ಜಿಂಕೆಯ ಚೀಟಿ,
ನಮ್ಮ ಬೆಟ್ಟದ ಉಪ್ಪುನೀರಿನ ಬಾಟಲಿಗಳು,
ಕುಡಿದವರು ಬಸ್ಸಿನ ಕಿಟಕಿಯಿಂದ ಎಸೆಯುವಂಥವು.
ಒಂದರ ತಳದಲ್ಲಿ ಒಂದು ಗುಟುಕು ಉಳಿದಿತ್ತು.
"ಇದು ಆಗದು" ಅಂದೆ.
ಮುಚ್ಚಳ ತಿರುವಿ, ಕತ್ತೆತ್ತಿ ಕುಡಿದು
ಬಾಟಲಿ ಬೋರಲು ಹಾಕಿ ತೋರಿಸಿದಳು.
ಒಂದು ಹನಿ ನನ್ನ ಬೂಟಿನ ಮೇಲೆ ಬಿತ್ತು.
ಅದಕ್ಕೆ ನಿಯಮವಿಲ್ಲ.

"ನೀರನ್ನೇ ಒಯ್ಯಬಾರದೇ, ದೊಡ್ಡ ಪೆಟ್ಟಿಗೆಯಲ್ಲಿ?"
"ಕಿಲೋ ಲೆಕ್ಕದಲ್ಲಿ ಸುಲಿಯುತ್ತಾರೆ, ಮಗಾ.
ನೀರು ಅಲ್ಲೂ ಇದೆ."

ಹಿಂದೆ ಸಾಲು ಗೊಣಗುತ್ತಿತ್ತು. ಅವಳಿಗೇನೂ ಅವಸರವಿರಲಿಲ್ಲ.
ಕೊಜಿಮೊ ಅಂತ ಒಬ್ಬ ಮುದುಕನಂತೆ, ತೊಂಬತ್ತೊಂದು.
ಮೊದಲ ಸಲ ಹೋದಾಗ ಈ ನೀರು ಒಂದು ಲೋಟ ಕೊಟ್ಟಳಂತೆ,
ಅಂದಿನಿಂದ ಬೇರೆ ನೀರು ಬಾಯಿಗಿಟ್ಟರೆ ಉಗಿಯುತ್ತಾನಂತೆ.
ಮಗಳ ಹೆಸರು ಮರೆತಿದ್ದಾನೆ,
ಹಲ್ಲಿನ ಸೆಟ್ಟು ಎಲ್ಲಿಟ್ಟೆನೆಂದು ಮರೆತಿದ್ದಾನೆ,
ಜಿಂಕೆಯನ್ನು ಮರೆತಿಲ್ಲ.
ಅವನು ಮಲಗಿದ ಮೇಲೆ ಅಡುಗೆಮನೆಯ ನಲ್ಲಿ ತಿರುಗಿಸಿ
ಬಾಟಲಿ ತುಂಬುತ್ತಾಳೆ, ಚಿಟಿಕೆ ಸೋಡಾ, ಚಿಟಿಕೆ ಉಪ್ಪು.
ಬೆಳಗ್ಗೆ ಅವನ ಕಣ್ಣೆದುರೇ ತೆಗೆಯುತ್ತಾಳೆ,
ಸೀಲು ಒಡೆದ ಸದ್ದನ್ನು ನಾಲಿಗೆಯಲ್ಲೇ ಮಾಡುತ್ತಾಳೆ
(ಮಾಡಿಯೂ ತೋರಿಸಿದಳು, ಟಕ್).
"ಕುಡಿದು, ಬೆಟ್ಟ ತಣ್ಣಗಿದೆ ಅನ್ನುತ್ತಾನೆ."
ತೊಳೆದೂ ತೊಳೆದೂ ಚೀಟಿ ಸವೆಯುತ್ತದೆ.
ಕಾಲು ಅಳಿಸಿದ ಜಿಂಕೆಯನ್ನು ಅವನು ಒಪ್ಪುವುದಿಲ್ಲ.
ಅದಕ್ಕೇ ವರ್ಷಕ್ಕೆ ಆರು.

ಮೇಲ್ವಿಚಾರಕ ಗೋಚಾ ಚಹಾ ಹಿಡಿದು ಬಂದ.
"ಏನಂತೆ ಅದರಲ್ಲಿ?"
"ಏನಿಲ್ಲ" ಅಂದೆ.
ಪರದೆಯ ಮಟ್ಟಿಗೆ ಅದು ನಿಜ.

ಮೂರು ಅಕ್ಟೋಬರ್ ಹಾಗೆ ದಾಟಿ ಹೋದಳು.
ನಾಲ್ಕನೆಯ ಸಲ ಸ್ವೆಟರು, ಚಪ್ಪಲಿ,
ಕಿತ್ತಳೆ, ಮತ್ತೆ ಕಿತ್ತಳೆ.
ಬೆಲ್ಟು ನಿಲ್ಲಿಸಿದೆ. ಹಿಂದಕ್ಕೆ ಓಡಿಸಿದೆ.
ಗೆರೆಗಳಿರಲಿಲ್ಲ.
"ಏನಾದರೂ ಸಿಕ್ಕಿತೇ?" ಬೂಟಿನ ದಾರ ಕಟ್ಟುತ್ತಾ ಕೇಳಿದಳು.
"ಇಲ್ಲ."
"ಆ ಮನೆಯ ನೀರಿನ ಋಣ ತೀರಿತು, ಮಗಾ.
ಈಗಿನವಳು ಕಾಫಿ ಬಿಟ್ಟು ಬೇರೇನೂ ಕುಡಿಯಳು."
ಆಮೇಲೆ ಕೋಟು, ಆಮೇಲೆ ಮೂರನೆಯ ಗೇಟು.

ಹಿಂದಿನ ವರ್ಷ ಒಂದರ ಚೀಟಿ ಕೈಯಲ್ಲೇ ಹರಿದು
ಅವಳು ಮೇಜಿನ ಮೇಲೆ ಬಿಟ್ಟುಹೋಗಿದ್ದಳು.
ಅದೀಗ ನಮ್ಮ ಊಟದ ಕೋಣೆಯಲ್ಲಿದೆ,
ಗೋಚಾ ಕಿಟಕಿಯ ಜೆರೇನಿಯಂಗೆ ನೀರು ಹಾಕುತ್ತಾನೆ.
ನಿನ್ನೆ ರಾತ್ರಿ ಪಾಳಿಯಲ್ಲಿ ಯಾರೂ ಇರಲಿಲ್ಲ.
ತುಂಬಿಸಿ, ಚಿಟಿಕೆ ಉಪ್ಪು ಹಾಕಿ,
ನಾಲಿಗೆಯಲ್ಲಿ ಟಕ್ ಅನ್ನಿಸಿ ಕುಡಿದು ನೋಡಿದೆ.
ನಲ್ಲಿ ನೀರು.
ಉಪ್ಪು ಜಾಸ್ತಿಯಾಗಿತ್ತು.